ಬಾಲದ ಹತ್ತಿರ ಕಣ್ಣಿದ್ದ ಮೀನು

(ಗುರುತು ಸಿಗದ ಹಾಗೆ ಈ ಕುಟುಂಬದ ಕೆಲವು ವಿವರಗಳನ್ನು ಬದಲಿಸಿದ್ದೇನೆ. ಮಗುವನ್ನು ಪುಟ್ಟಿ ಎಂದು ಕರೆಯುತ್ತೇನೆ. ಬರೆಯಲು ತಾಯಿ ಒಪ್ಪಿದ್ದಾರೆ.)

ಪುಟ್ಟಿಗೆ ಆರು ವರ್ಷ. ಅವಳನ್ನು ಕರೆದುಕೊಂಡು ಬಂದ ದಿನ ತಾಯಿ ಒಂದು ದೊಡ್ಡ ಚೀಲವನ್ನೂ ತಂದಿದ್ದರು. ಕೂರುವ ಮೊದಲೇ ಅದನ್ನು ನನ್ನ ಮೇಜಿನ ಮೇಲೆ ಸುರಿದರು. ಬಣ್ಣದ ಹಾಳೆ, ಮಿಂಚಿನ ಪುಡಿ, ಅಂಟು, ಐಸ್‌ಕ್ರೀಂ ಕಡ್ಡಿ, ಅಲ್ಲಾಡುವ ಪ್ಲಾಸ್ಟಿಕ್ ಕಣ್ಣುಗಳ ಪೊಟ್ಟಣ. ಅರ್ಧಕ್ಕರ್ಧ ಬಿಚ್ಚೇ ಇರಲಿಲ್ಲ.

“ಎಲ್ಲಾ ತಂದ್ಕೊಟ್ಟಿದ್ದೀನಿ ಮೇಡಂ. ಒಂದನ್ನೂ ಮುಟ್ಟಲ್ಲ. ‘ನಂಗೆ ಬರಲ್ಲ, ನೀನೇ ಮಾಡು’ ಅಂತಾಳೆ. ಮೊಬೈಲ್ ಕೊಟ್ರೆ ಮಾತ್ರ ಗಂಟೆಗಟ್ಟಲೆ ಕೂರ್ತಾಳೆ.”

ಮೂರು ವರ್ಷದವಳಿದ್ದಾಗ ಮನೆಯ ಗೋಡೆ ಬಿಡದೆ ಗೀಚಿದ ಮಗು ಇದು. ಈಗ ಒಂದು ವರ್ಷದಿಂದ ಬಣ್ಣದ ಪೆನ್ಸಿಲ್ ಹಿಡಿಯುವುದೇ ಅಪರೂಪ. ಶಾಲೆಯ ಕ್ರಾಫ್ಟ್ ಪೀರಿಯಡ್‌ನಲ್ಲಿ ಹಾಳೆಯನ್ನು ಮುದುರಿ ಡೆಸ್ಕ್ ಒಳಗೆ ತುರುಕುತ್ತಾಳೆ ಎಂದು ಟೀಚರ್ ಹೇಳಿದ್ದರು. ಊಟ, ನಿದ್ದೆ, ಮಾತು, ಗೆಳತಿಯರು, ಯಾವುದರಲ್ಲೂ ತೊಂದರೆ ಇರಲಿಲ್ಲ. ಕಣ್ಣಿನ ಪರೀಕ್ಷೆಯೂ ಆಗಿತ್ತು. ತಾಯಿಯ ಪ್ರಶ್ನೆ ಒಂದೇ: “ಇವಳಿಗೆ ಆಸಕ್ತಿ ಬರೋ ಹಾಗೆ ಮಾಡೋದು ಹೇಗೆ?”

ಉತ್ತರ ಹೇಳುವ ಬದಲು ನಾನೊಂದು ಕೆಲಸ ಕೇಳಿದೆ. ಮನೆಯಲ್ಲಿ ಹೇಗೆ ಮಾಡ್ತೀರೋ ಹಾಗೇ ಇಲ್ಲಿ ಇಬ್ಬರೂ ಏನಾದರೂ ಮಾಡಿ, ನಾನು ಸುಮ್ನೆ ಕೂತಿರ್ತೀನಿ ಅಂದೆ.

ತಾಯಿ ಫೋನಿನಲ್ಲಿ ಒಂದು ಕಾಗದದ ಮೀನಿನ ವಿಡಿಯೋ ತೆಗೆದರು. ನೀಲಿ ಹಾಳೆಯ ಮೇಲೆ ಮೀನನ್ನು ತಾವೇ ಬರೆದರು, ತಾವೇ ಕತ್ತರಿಸಿದರು. ಪುಟ್ಟಿಗೆ ಉಳಿದದ್ದು ಕಣ್ಣು ಅಂಟಿಸುವ ಕೆಲಸ. ಅವಳು ಪೊಟ್ಟಣದಲ್ಲಿ ಹುಡುಕಿ ಹುಡುಕಿ ಒಂದು ಕಣ್ಣು ಆರಿಸಿಕೊಂಡಳು. ಅಂಟು ಸವರಿ, ಬಾಲದ ಹತ್ತಿರ ಇಟ್ಟು ಒತ್ತಿದಳು. ಒತ್ತುವಾಗ ನಾಲಿಗೆ ತುದಿ ಹೊರಗೆ ಬಂದಿತ್ತು, ಅಷ್ಟು ಗಮನ. “ಅಯ್ಯೋ ಬಂಗಾರಿ, ಕಣ್ಣು ಅಲ್ಲಿರುತ್ತಾ?” ಎಂದು ತಾಯಿ ನಕ್ಕು, ಉಗುರಿನಿಂದ ಅದನ್ನು ಮೆಲ್ಲಗೆ ಎಬ್ಬಿಸಿ, ಮೂತಿಯ ಹತ್ತಿರ ನೆಟ್ಟಗೆ ಕೂರಿಸಿದರು. ದನಿಯಲ್ಲಿ ಸಿಟ್ಟಿರಲಿಲ್ಲ, ಪ್ರೀತಿಯೇ ಇತ್ತು. ಆದರೆ ಪುಟ್ಟಿಯ ಎರಡೂ ಕೈ ಮೇಜಿನ ಕೆಳಗೆ ಹೋದವು. ಮತ್ತೆ ಮೇಲೆ ಬರಲಿಲ್ಲ. ಕಣ್ಣು ಕಿತ್ತ ಕಡೆ ನೀಲಿ ಸುಲಿದು ಬಿಳಿ ಕಾಣುತ್ತಿತ್ತು. ಅದು ಕಾಣದಿರಲಿ ಎಂದು ತಾಯಿ ಅಲ್ಲೊಂದು ಮಿಂಚಿನ ಚುಕ್ಕಿ ಅಂಟಿಸಿದರು.

ಬಾಲದ ಹತ್ತಿರ ಕಣ್ಣು ಯಾಕೆ ಬೇಕಿತ್ತು ಅಂತ ನಾನು ಪುಟ್ಟಿಯನ್ನು ಕೇಳಿದೆ. ತುಂಬಾ ಹೊತ್ತು ಮಾತಾಡಲಿಲ್ಲ. ಆಮೇಲೆ ಮೇಜು ನೋಡುತ್ತಾ ಹೇಳಿದಳು, “ಹಿಂದ್ಗಡೆಯಿಂದ ದೊಡ್ಡ ಮೀನು ಬರ್ತಾ ಇತ್ತು. ಅದಕ್ಕೆ ಕಾಣಬೇಕಲ್ವಾ?”

ಈ ತಾಯಿಯನ್ನು ಯಾರೂ ತಪ್ಪು ತಿಳಿಯಬೇಡಿ. ಕೆಲಸದಿಂದ ಬಂದು, ಸುಸ್ತಾಗಿದ್ದರೂ, ಮಗುವಿನ ಜೊತೆ ನೆಲದ ಮೇಲೆ ಕೂರುವ ತಾಯಿ ಅವರು. ವಿಡಿಯೋಗಳಲ್ಲಿ ಕಾಣುವುದು ಮುಗಿದ ವಸ್ತು ಮಾತ್ರ. ಮನೆಯವರ ವಾಟ್ಸಾಪ್ ಗುಂಪಿಗೆ ಹೋಗುವುದೂ ಅದರ ಫೋಟೋನೇ. ಹಾಗಾಗಿ ಮಗು ಮಾಡಿದ್ದನ್ನು ‘ಸ್ವಲ್ಪ ಸರಿ ಮಾಡುವ’ ಅಭ್ಯಾಸ ಗೊತ್ತಿಲ್ಲದೆ ಬಂದುಬಿಡುತ್ತದೆ. ಆ ದಿನ ನಾನು ಎಣಿಸಿದೆ. ಹತ್ತು ನಿಮಿಷದಲ್ಲಿ ತಾಯಿಯ ಕೈ ಹದಿನಾಲ್ಕು ಸಲ ಮಗುವಿನ ಹಾಳೆಗೆ ಹೋಗಿತ್ತು. ಸಂಖ್ಯೆ ಹೇಳಿದಾಗ ಅವರು ನಂಬಲಿಲ್ಲ. ಸ್ವಲ್ಪ ಹೊತ್ತು ಬಿಟ್ಟು, “ಚಿತ್ರ ಬರೆದ್ರೂ ಹಾಗೇ ಮಾಡ್ತೀನಿ, ಆಕಾಶ ಕೆಳಗಿನ ತನಕ ಬರಬೇಕು ಅಂತ ನಾನೇ ತುಂಬಿಬಿಡ್ತೀನಿ” ಅಂದರು.

ಆಕಾಶದ ಮಾತು ಬಂದದ್ದು ಒಳ್ಳೆಯದೇ ಆಯಿತು. ಐದಾರು ವರ್ಷದ ಮಕ್ಕಳು ಹಾಳೆಯ ಕೆಳಗೊಂದು ಗೆರೆ ಎಳೆದು ನೆಲ ಅನ್ನುತ್ತಾರೆ, ಮೇಲೊಂದು ನೀಲಿ ಪಟ್ಟಿ ಬಳಿದು ಆಕಾಶ ಅನ್ನುತ್ತಾರೆ. ನಡುವೆ ಖಾಲಿ. ಅದಕ್ಕೂ ಚಿಕ್ಕ ಮಕ್ಕಳು, ಮೂರು ನಾಲ್ಕು ವರ್ಷದವರು, ಬರೆಯುವ ಮನುಷ್ಯನಿಗೆ ಹೊಟ್ಟೆಯೇ ಇರುವುದಿಲ್ಲ, ತಲೆಯಿಂದಲೇ ಕಾಲು ಹೊರಡುತ್ತವೆ. ಇವು ತಪ್ಪುಗಳಲ್ಲ. ಅಂಬೆಗಾಲಿಡುವ ಮಗುವಿಗೆ ನಡಿಗೆ ಸರಿಯಿಲ್ಲ ಅಂತ ಯಾರೂ ಹೇಳುವುದಿಲ್ಲ. ಇದೂ ಅಂಥದ್ದೇ.

ಎರಡನೇ ಭೇಟಿಯಲ್ಲಿ ಇನ್ನೊಂದು ವಿಷಯ ಹೊರಬಂತು. ಮೊದಲ ದಿನ ನಾನು ಅದನ್ನು ಗಮನಿಸಿರಲಿಲ್ಲ, ಗಮನಿಸಬೇಕಿತ್ತು. ಪುಟ್ಟಿ ಎಡಗೈಯವಳು. ತಾಯಿಗೆ ಅದು ಗೊತ್ತಿತ್ತು, ಆದರೆ ಕತ್ತರಿಗೂ ಅದಕ್ಕೂ ಸಂಬಂಧ ಇದೆ ಅಂತ ಅವರಿಗೆ ಅನಿಸಿರಲಿಲ್ಲ. ಸಾಮಾನ್ಯ ಕತ್ತರಿಯನ್ನು ಬಲಗೈಗೆಂದೇ ಮಾಡಿರುತ್ತಾರೆ. ಅದನ್ನು ಎಡಗೈಯಲ್ಲಿ ಹಿಡಿದು ಒತ್ತಿದರೆ ಎರಡು ಅಲಗೂ ಒಂದಕ್ಕೊಂದು ಒತ್ತಿಕೊಳ್ಳುವ ಬದಲು ದೂರ ಸರಿಯುತ್ತವೆ. ಕಾಗದ ಕತ್ತರಿಸುವುದಿಲ್ಲ, ನಡುವೆ ಸಿಕ್ಕಿಕೊಂಡು ಮಡಚಿಹೋಗುತ್ತದೆ. ಮೇಲಿನ ಅಲಗು ಅಡ್ಡ ಬಂದು ಗೆರೆಯೂ ಕಾಣುವುದಿಲ್ಲ. ತರಗತಿಯಲ್ಲಿ ಎಲ್ಲರೂ ಕರಕರ ಅಂತ ಕತ್ತರಿಸುತ್ತಿರುವಾಗ ಇವಳ ಕಾಗದ ಮಾತ್ರ ಮುದುರುತ್ತಿತ್ತು. “ನಂಗೆ ಬರಲ್ಲ” ಎಂದು ಅವಳು ಹೇಳಿದ್ದರಲ್ಲಿ ಅರ್ಧ ಕೈಯ ಅನುಭವವೇ ಆಗಿತ್ತು.

ಎಡಗೈಗೆಂದೇ ಮಾಡಿದ, ಅಲಗು ತಿರುಗುಮುರುಗಾಗಿರುವ ಕತ್ತರಿ ಕೊಡಿಸಲು ಹೇಳಿದೆ. ಹೆಬ್ಬೆರಳು ಮೇಲಕ್ಕೆ, ಮೊಣಕೈ ಪಕ್ಕೆಗೆ ಹತ್ತಿರ. ಮೊದಲು ಹಾಳೆಯ ಅಂಚಿನಲ್ಲಿ ಹುಲ್ಲಿನ ಹಾಗೆ ಚಿಕ್ಕ ಚಿಕ್ಕ ಕಚ್ಚು, ಆಮೇಲೆ ಬೆರಳಗಲದ ಪಟ್ಟಿಯನ್ನು ಒಂದೇ ಏಟಿಗೆ ತುಂಡು ಮಾಡುವುದು, ಆಮೇಲೆ ನೇರ ಗೆರೆ, ದುಂಡು ಕೊನೆಗೆ. ತೆಳ್ಳನೆಯ ಹಾಳೆಗಿಂತ ಸ್ವಲ್ಪ ಗಟ್ಟಿ ಹಾಳೆ, ಹಳೆಯ ಶುಭಾಶಯ ಕಾರ್ಡಿನಂಥದ್ದು, ಕಲಿಯುವ ಕೈಗೆ ಸುಲಭ.

ಮನೆಗೆ ಕೊಟ್ಟ ಸಲಹೆಗಳಲ್ಲಿ ತಾಯಿಗೆ ತುಂಬಾ ಕಷ್ಟವಾದದ್ದು ಇದು: ನಿಮ್ಮ ಕೈ ನಿಮ್ಮ ಹಾಳೆಯ ಮೇಲೇ ಇರಲಿ. ಮಗುವಿನ ಪಕ್ಕ ಕೂತು ನೀವೂ ಏನಾದರೂ ಮಾಡಿ, ನಿಮಗೇ ಅಂತ ಮಾಡಿ. “ನೀನೇ ಮಾಡು” ಅಂತ ಅವಳು ತಳ್ಳಿದರೆ ಆಗಲ್ಲ ಅನ್ನಬೇಡಿ, ಮಾಡಿಯೂ ಕೊಡಬೇಡಿ. “ನಾನು ಹಾಳೆ ಹಿಡ್ಕೋತೀನಿ, ನೀನು ಕತ್ತರಿಸು” ಅನ್ನಿ. ಬೆಕ್ಕು ಬರೆದುಕೊಡು ಅಂದರೆ, “ಬೆಕ್ಕಿನ ಕಿವಿ ದುಂಡಗಿರುತ್ತಾ, ಚೂಪಾಗಿರುತ್ತಾ?” ಅಂತ ಕೇಳಿ. ತೋರಿಸಲೇಬೇಕಾದರೆ ಬೇರೆ ಹಾಳೆಯಲ್ಲಿ ತೋರಿಸಿ.

‘ಸೂಪರ್’, ‘ವಾವ್’ ಎಂಬ ಮಾತನ್ನೂ ಕೆಲವು ವಾರ ಬದಿಗಿಡಲು ಹೇಳಿದೆ. ಕಂಡದ್ದನ್ನು ಹೇಳಿದರೆ ಸಾಕು: “ಈ ಮೂಲೆ ತುಂಬ ಕೆಂಪು ಹಾಕಿದ್ದೀಯ.” “ಇದನ್ನ ಮೂರು ಸಲ ಅಂಟಿಸಿದೆ, ಅಲ್ವಾ?” ಮಗುವಿಗೆ ಅಷ್ಟರಲ್ಲೇ ಗೊತ್ತಾಗುತ್ತದೆ, ಅಮ್ಮ ನಿಜವಾಗಿ ನೋಡಿದ್ದಾಳೆ ಅಂತ.

ಚೀಲದಲ್ಲಿದ್ದ ಸಾಮಾನಿನ ಮುಕ್ಕಾಲು ಭಾಗ ಕಪಾಟಿಗೆ ಹೋಯಿತು. ಆಯ್ಕೆ ಜಾಸ್ತಿಯಾದರೆ ಮಕ್ಕಳು ಮಾಡುವುದನ್ನು ಬಿಟ್ಟು ಕೆದಕುತ್ತಾ ಕೂರುತ್ತಾರೆ. ಅದಕ್ಕಿಂತ ಮುಖ್ಯವಾಗಿ, ಪುಟ್ಟಿಗೆ ಬೇಕಿದ್ದದ್ದು ‘ಸರಿಯಾದ ಆಕಾರ’ವೇ ಇಲ್ಲದ ಕೆಲಸ. ಹಳೆಯ ಪತ್ರಿಕೆ ಹರಿದು ಅಂಟಿಸುವುದರಿಂದ ಶುರು ಮಾಡಿದೆವು. ಹರಿದ ಅಂಚು ಯಾರು ಹರಿದರೂ ಸೊಟ್ಟಗೇ ಇರುತ್ತದೆ, ಅಮ್ಮನದ್ದೂ ಅಷ್ಟೆ.

ಆಮೇಲೆ ಉಪ್ಪು ಹಿಟ್ಟು. ಎರಡು ಲೋಟ ಮೈದಾ, ಒಂದು ಲೋಟ ಪುಡಿ ಉಪ್ಪು, ನೀರು ಒಂದು ಲೋಟಕ್ಕೆ ಸ್ವಲ್ಪ ಕಡಿಮೆ, ಬೇಕಾದಷ್ಟೇ ಸೇರಿಸುತ್ತಾ ನಾದಬೇಕು. ನಾದುವುದು ಮಗುವಿನ ಕೆಲಸ, ಕತ್ತರಿ ಹಿಡಿಯಲು ಬೇಕಾದ ಬೆರಳಿನ ಬಲ ಅಲ್ಲೇ ಬರುತ್ತದೆ. ತೆಳ್ಳಗೆ ತಟ್ಟಿದ್ದು ಕೆಲವು ದಿನದಲ್ಲಿ ಗಾಳಿಗೇ ಒಣಗುತ್ತದೆ, ದಪ್ಪಗಿದ್ದರೆ ಬಿರುಕು ಬಿಡಬಹುದು. ಹಿಟ್ಟಿನ ಇನ್ನೊಂದು ಗುಣ ನನಗೆ ಇಷ್ಟ: ಬೇಡವಾದರೆ ಉಂಡೆ ಮಾಡಿ ಮತ್ತೆ ಶುರು ಮಾಡಬಹುದು. ಹಾಳು ಮಾಡಿಬಿಟ್ಟೆ ಎಂಬ ಭಯಕ್ಕೆ ಜಾಗವೇ ಇಲ್ಲ. ಆದರೆ ಉಪ್ಪು ತುಂಬಾ ಇರುವುದರಿಂದ ಬಾಯಿಗೆ ಹಾಕಬಾರದು. ಮನೆಯಲ್ಲಿ ಮೂರು ವರ್ಷದೊಳಗಿನ ಮಗು ಇದ್ದರೆ ಮಣಿ, ಗುಂಡಿ, ಪ್ಲಾಸ್ಟಿಕ್ ಕಣ್ಣು ಅದರ ಕೈಗೆ ಸಿಗಲೇಬಾರದು, ಗಂಟಲಲ್ಲಿ ಸಿಕ್ಕಿಕೊಳ್ಳುತ್ತವೆ.

ಮೂರನೆಯದು ಮೇಣದ ಗುಟ್ಟು. ಬಿಳಿ ಹಾಳೆಯ ಮೇಲೆ ಬಿಳಿ ಮೇಣದ ಬತ್ತಿಯಿಂದ ಗೀಚಿದರೆ ಏನೂ ಕಾಣುವುದಿಲ್ಲ. ನೀರಾಗಿ ಕಲಸಿದ ಬಣ್ಣವನ್ನು ಮೇಲೆ ಬಳಿದಾಗ ಮೇಣ ನೀರನ್ನು ಹತ್ತಿರ ಸೇರಿಸುವುದಿಲ್ಲ, ಗೆರೆಗಳು ಒಂದೊಂದೇ ಎದ್ದು ಬರುತ್ತವೆ. ಬರೆಯುವಾಗ ಕಾಣದ ಗೆರೆಯನ್ನು ಯಾರು ತಿದ್ದುತ್ತಾರೆ? ಇದನ್ನು ಆರಿಸಿದ್ದೇ ಆ ಕಾರಣಕ್ಕೆ.

ಮೊದಲ ನಾಲ್ಕು ದಿನ ಪುಟ್ಟಿ ಏನೂ ಮಾಡಲಿಲ್ಲ. ಅಮ್ಮ ಹರಿದು ಅಂಟಿಸುವುದನ್ನು ನೋಡುತ್ತಾ ಕೂತಳು. ನಾಲ್ಕನೇ ದಿನ ತಾಯಿ ಫೋನ್ ಮಾಡಿದರು, “ಇದು ಆಗ್ತಿಲ್ಲ ಮೇಡಂ.” ದಿನಕ್ಕೆ ಇಪ್ಪತ್ತು ನಿಮಿಷ, ಅದೇ ಜಾಗ, ಅದೇ ಹೊತ್ತು, ಮುಂದುವರಿಸಿ ಅಂದೆ. ಐದನೇ ದಿನ ಪುಟ್ಟಿ ಅಮ್ಮನ ಹಾಳೆಯಿಂದ ಬಿದ್ದ ಚೂರುಗಳನ್ನು ಒಟ್ಟು ಮಾಡಿ, ಒಂದು ಖಾಲಿ ಡಬ್ಬಿಗೆ ಅಂಟಿಸತೊಡಗಿದಳಂತೆ.

ಆಗಲೇ ತಂದೆ ಒಂದು ಯೋಜನೆ ತಂದರು. ಹತ್ತು ಕ್ರಾಫ್ಟ್ ಮುಗಿಸಿದರೆ ಹೊಸ ಸೈಕಲ್. ಅವರಿಗೆ ನಾನೊಂದು ಹಳೆಯ ಪ್ರಯೋಗದ ಕಥೆ ಹೇಳಿದೆ. 1973ರಲ್ಲಿ ಮಾರ್ಕ್ ಲೆಪರ್, ಡೇವಿಡ್ ಗ್ರೀನ್, ರಿಚರ್ಡ್ ನಿಸ್ಬೆಟ್ ಎಂಬ ಮನಶ್ಶಾಸ್ತ್ರಜ್ಞರು ಅದನ್ನು ಪ್ರಕಟಿಸಿದರು. ಸ್ಕೆಚ್ ಪೆನ್ನಿನಲ್ಲಿ ಬರೆಯುವುದೆಂದರೆ ಇಷ್ಟಪಡುತ್ತಿದ್ದ ಶಿಶುವಿಹಾರದ ಮಕ್ಕಳನ್ನೇ ಆರಿಸಿ, ಕೆಲವರಿಗೆ ‘ಬರೆದರೆ ಬಹುಮಾನ’ ಎಂದು ಮೊದಲೇ ಹೇಳಿದರು. ಕೆಲವರಿಗೆ ಹೇಳದೆ ಕೊನೆಗೆ ಕೊಟ್ಟರು, ಉಳಿದವರಿಗೆ ಏನೂ ಕೊಡಲಿಲ್ಲ. ಒಂದೆರಡು ವಾರದ ನಂತರ ನೋಡಿದರೆ, ಬಹುಮಾನಕ್ಕೆಂದು ಬರೆದ ಮಕ್ಕಳು ಬಿಡುವಿನಲ್ಲಿ ತಾವಾಗಿ ಬರೆಯುವುದು ಉಳಿದವರ ಅರ್ಧಕ್ಕೆ ಇಳಿದಿತ್ತು. ತಂದೆ ಕೇಳಿಸಿಕೊಂಡರು. ಸೈಕಲ್ ಕೊಡಿಸುವುದಾದರೆ ಸುಮ್ನೆ ಕೊಡಿಸಿ, ಅದು ಅವಳು ಮಗಳು ಎಂಬ ಕಾರಣಕ್ಕೆ ಅಂದೆ.

ಎರಡು ತಿಂಗಳಲ್ಲಿ ಆರು ಸಲ ಭೇಟಿಯಾದೆವು. ಈಗ ಪುಟ್ಟಿ ರಟ್ಟಿನ ಪೆಟ್ಟಿಗೆಗಳನ್ನು ಕತ್ತರಿಸಿ, ಟೇಪ್ ಹಚ್ಚಿ, ಏನೇನೋ ಕಟ್ಟುತ್ತಾಳೆ. ಮುಗಿಸದೆ ಬಿಡುವುದೂ ಉಂಟು. ಬಿಟ್ಟದ್ದನ್ನು ತಾಯಿ ಒಂದು ತಟ್ಟೆಯಲ್ಲಿ ಹಾಗೇ ಇಡುತ್ತಾರೆ, ಮರುದಿನ ಬೇಕಾದರೆ ಮುಂದುವರಿಸಲಿ ಅಂತ. ಫೋಟೋ ಕಳಿಸುವ ಮೊದಲು “ಕಳಿಸ್ಲಾ?” ಅಂತ ಅವಳನ್ನೇ ಕೇಳುತ್ತಾರೆ. ಕೆಲವು ಸಲ ಬೇಡ ಅನ್ನುತ್ತಾಳೆ. ಮೊಬೈಲ್ ಪೂರ್ತಿ ಬಿಟ್ಟಿಲ್ಲ, ಆದರೆ ಸಂಜೆಯ ಆ ಹೊತ್ತಿಗೆ ಕೇಳುವುದಿಲ್ಲ.

ಶಾಲೆಯ ಕ್ರಾಫ್ಟ್ ಪೀರಿಯಡ್ ಇನ್ನೂ ಪೂರ್ತಿ ಸರಿಹೋಗಿಲ್ಲ. ಅಲ್ಲಿ ಎಲ್ಲರೂ ಒಂದೇ ಮಾದರಿ ನೋಡಿ ಮಾಡಬೇಕು. ಎಡಗೈ ಕತ್ತರಿಯ ವಿಷಯ ಬರೆದು ಟೀಚರ್‌ಗೆ ಒಂದು ಚೀಟಿ ಕಳಿಸಿದೆವು, ಅವರು ಒಪ್ಪಿ ಪುಟ್ಟಿಯ ಕಂಪಾಸ್ ಡಬ್ಬಿಯಲ್ಲಿ ಅದನ್ನು ಇರಿಸಿಕೊಳ್ಳಲು ಬಿಟ್ಟಿದ್ದಾರೆ. ಕೊನೆಯ ಭೇಟಿಗೆ ತಾಯಿ ಒಬ್ಬರೇ ಬಂದಿದ್ದರು. ಪರ್ಸಿನಿಂದ ಆ ನೀಲಿ ಮೀನನ್ನು ತೆಗೆದು ತೋರಿಸಿದರು. ಮಿಂಚಿನ ಚುಕ್ಕಿ ಇರಲಿಲ್ಲ. ಪುಟ್ಟಿಯೇ ಅದನ್ನು ಕಿತ್ತು, ಬಾಲದ ಹತ್ತಿರ ಪೆನ್ಸಿಲಿನಲ್ಲಿ ಇನ್ನೊಂದು ಕಣ್ಣು ಬರೆದುಕೊಂಡಿದ್ದಾಳೆ.