ಬ್ರಾಸರಿ ಜಾರ್ಜ್‌ನ ಊಟಕ್ಕೆ ಬೇಡ ಅನ್ನಬೇಡ

ತಮ್ಮಾ, ನಿನ್ನ ಮೆಸೇಜು ಓದಿ ನಗು ಬಂತು, ಆಮೇಲೆ ಸ್ವಲ್ಪ ಸಂಕಟವೂ ಆಯಿತು. ಫ್ರಾನ್ಸಿನ ಲಿಯೋನ್‌ನಲ್ಲಿ ಮನೆ ಎಲ್ಲಿ ಹುಡುಕಲಿ, ಬ್ಯಾಂಕ್ ಖಾತೆ ಹೇಗೆ ಅಂತೆಲ್ಲ ಕೇಳಿ, ಕೊನೆಗೆ "ಮೊದಲ ವಾರವೇ ಲ್ಯಾಬಿನವರು ಬ್ರಾಸರಿ ಜಾರ್ಜ್‌ಗೆ ಊಟಕ್ಕೆ ಕರೆದಿದ್ದಾರೆ. ನಾನು ಮಾಂಸ ತಿನ್ನಲ್ಲ. ಬರಲ್ಲ ಅಂತ ಬರೆದುಬಿಡಲಾ ಅಣ್ಣಾ?" ಎಂದಿದ್ದೀಯ.

ಮನೆ ಊರಿಗೆ ಅಂಟಿಕೊಂಡೇ ಇರುವ ವಿಲ್ಯುರ್ಬಾನ್ ಕಡೆ ನೋಡು. ವೀಸಾವನ್ನು ಬಂದ ಮೂರು ತಿಂಗಳೊಳಗೆ ಆನ್‌ಲೈನ್‌ನಲ್ಲಿ ದೃಢ ಮಾಡಿಸಿಕೊ, ಮರೆತರೆ ಫಜೀತಿ. ಬ್ಯಾಂಕಿನದು ಹೇಗೋ ಆಗುತ್ತೆ ಬಿಡು.

ಬರಲ್ಲ ಅಂತ ಮಾತ್ರ ಬರೆಯಬೇಡ.

ನಾನು ಬಂದ ಎರಡನೇ ವಾರ. ನಮ್ಮ ಲ್ಯಾಬಿನಲ್ಲಿ ಒಬ್ಬ ಹಿರಿಯ ತಂತ್ರಜ್ಞ ಇದ್ದರು, ನಿವೃತ್ತಿ ಹತ್ತಿರವಿತ್ತು. ಅದೇ ಜಾರ್ಜ್‌ನಲ್ಲಿ ಎಲ್ಲರಿಗೂ ಊಟ ಇಟ್ಟುಕೊಂಡಿದ್ದರು. ನನ್ನ ಮೇಜಿನ ಹತ್ತಿರ ಬಂದು ಅವರೇ ಕರೆದರು. ನಾನು "ಅಯ್ಯೋ ಬೇಡ, ಪರವಾಗಿಲ್ಲ" ಅನ್ನೋ ಅರ್ಥದಲ್ಲಿ ಏನೋ ಅಂದೆ. ನಮ್ಮಲ್ಲಿ ಹಾಗೇ ಅಲ್ವಾ? ಮೊದಲ ಸಲಕ್ಕೇ ಹ್ಞೂಂ ಅಂದರೆ ಅಮ್ಮ ಕಣ್ಣಲ್ಲೇ ಗದರಿಸುತ್ತಿದ್ದಳು. ಅವರು ಒಂದೆರಡು ಸಲ ಒತ್ತಾಯ ಮಾಡಬೇಕು, ಆಮೇಲೆ ಎಲೆ ಮುಂದೆ ಕೂರಬೇಕು. ಆ ತಂತ್ರಜ್ಞರು ತಲೆಯಾಡಿಸಿ ಹೋದರು. ಇನ್ನೊಂದು ಸಲ ಕರೆಯುತ್ತಾರೆ ಅಂತ ನಾನು ಮೂರು ದಿನ ಕಾದೆ. ಶುಕ್ರವಾರ ಸಂಜೆ ಎಲ್ಲರೂ ಕೋಟು ಹಾಕಿಕೊಂಡು ಹೊರಟರು. ನಾನು ರೂಮಿಗೆ ಹೋಗಿ ಊರಿಂದ ತಂದ ಅವಲಕ್ಕಿಗೆ ಒಗ್ಗರಣೆ ಹಾಕಿಕೊಂಡೆ. ಆ ವರ್ಷವೇ ಅವರು ಕೆಲಸ ಬಿಟ್ಟು ತಮ್ಮ ಹಳ್ಳಿಗೆ ಹೋದರು. ಬರಬೇಕು ಅಂತ ನನಗೆ ತುಂಬಾ ಇತ್ತು ಅಂತ ಹೇಳುವಷ್ಟು ಫ್ರೆಂಚ್ ನನಗೆ ಬರುವ ಹೊತ್ತಿಗೆ ಅವರು ಇರಲಿಲ್ಲ.

ಜಾರ್ಜ್ ಒಳಗೆ ನಾನು ಕಾಲಿಟ್ಟದ್ದು ಎರಡು ವರ್ಷದ ಮೇಲೆ, ಒಬ್ಬನೇ. ಎಂಥ ಜಾಗ ಅಂತೀಯ! ಏಳುನೂರು ಚದರ ಮೀಟರಿಗಿಂತ ದೊಡ್ಡ ಹಾಲ್, ನಡುವೆ ಒಂದು ಕಂಬ ಇಲ್ಲ. ಅಷ್ಟೂ ಮಾಳಿಗೆಯನ್ನು ಭಾರಿ ಮರದ ತೊಲೆಗಳು ಹೊತ್ತಿವೆ. ಯಾರದಾದರೂ ಹುಟ್ಟುಹಬ್ಬವಾದರೆ ದೀಪ ಮಂಕು ಮಾಡಿ ಕೈಯಲ್ಲಿ ತಿರುಗಿಸುವ ಹಳೇ ಆರ್ಗನ್ ನುಡಿಸುತ್ತಾರೆ. ಸಿನಿಮಾ ಹುಟ್ಟಿಸಿದ ಲುಮಿಯೇರ್ ಸೋದರರು ಊಟ ಮಾಡಿದ ಹೋಟೆಲು ಅಂತ ಊರಿನವರಿಗೆ ಜಂಬ.

ಆದರೆ ಕಟ್ಟಿದವನು ಈ ಊರಿನವನಲ್ಲ. ಜಾರ್ಜ್ ಹಾಫರ್ ಅಂತ, ಜರ್ಮನಿ ಗಡಿಗೆ ತಾಗಿದ ಅಲ್ಸಾಸ್ ಕಡೆಯ ಬಿಯರ್ ಮಾಡುವವನು. ಬ್ರಾಸರಿ ಅಂದರೆ ಮೂಲದಲ್ಲಿ ಬಿಯರ್ ತಯಾರಿಸುವ ಮನೆ ಅಂತಲೇ. ಅವನು ಲಿಯೋನಿನ ಪೆರಾಶ್ ಬಡಾವಣೆಯಲ್ಲಿ 1836ರಲ್ಲಿ ಶುರು ಮಾಡಿದಾಗ ಪಕ್ಕದ ರೈಲ್ವೆ ಸ್ಟೇಷನ್ನೂ ಇರಲಿಲ್ಲ. ಅದು ಬಂದದ್ದು 1857ರಲ್ಲಿ. ಬಿಯರಿನ ಜೊತೆ ತನ್ನ ಸೀಮೆಯ ಶೂಕ್ರೂಟನ್ನೂ, ಅಂದರೆ ಹುಳಿ ಬರಿಸಿದ ಎಲೆಕೋಸನ್ನೂ ಬಡಿಸಿದ. ಉಡುಪಿಯವರು ಬೆಂಗಳೂರಿಗೆ ಬಂದು ದೋಸೆ ಹುಯ್ದ ಹಾಗೇ. 1870ರ ಯುದ್ಧದಲ್ಲಿ ಅಲ್ಸಾಸ್ ಜರ್ಮನಿ ಪಾಲಾದ ಮೇಲೆ ಅಲ್ಲಿಂದ ಇನ್ನೂ ಜಾಸ್ತಿ ಜನ ಫ್ರಾನ್ಸಿನ ಊರುಗಳಿಗೆ ಬಂದರು. ಪ್ಯಾರಿಸ್ಸಿನ ಲಿಪ್ ಬ್ರಾಸರಿ ಹಾಗೆ ಬಂದವನೊಬ್ಬ 1880ರಲ್ಲಿ ತೆರೆದದ್ದು. ಇವತ್ತು ಅದನ್ನೆಲ್ಲ ಅಪ್ಪಟ ಫ್ರೆಂಚ್ ಅಂತಾರೆ. ಕೇಳಿದರೆ ನನಗೆ ಒಳಗೊಳಗೇ ಖುಷಿ.

ಊಟದ್ದು ಹೇಳಿಬಿಡ್ತೀನಿ. ಶೂಕ್ರೂಟ್ ಮೇಲೆ ಹಂದಿ ಮಾಂಸ ಹೇರಿರುತ್ತಾರೆ. ಲಿಯೋನ್ ಸಲಾಡಿನಲ್ಲೂ ಹಂದಿಯ ಚೂರು ಇರುತ್ತದೆ. ಕೆನೆಲ್ ಅಂತ ಬರುತ್ತೆ, ನೋಡಲು ಥೇಟ್ ಕಡುಬು, ಸಾಮಾನ್ಯವಾಗಿ ಒಳಗೆ ಮೀನು. ಈರುಳ್ಳಿ ಸೂಪನ್ನೂ ನಂಬಬೇಡ. ಮುಂಚೆಯೇ ಹೇಳಿಟ್ಟರೆ ಏನಾದರೂ ಮಾಡಿಕೊಡುತ್ತಾರೆ. ನಲ್ಲಿ ನೀರು, ಬ್ರೆಡ್ಡಿಗೆ ದುಡ್ಡಿಲ್ಲ. ಮಾಣಿ ಬಂದ ತಕ್ಷಣ ಮೊದಲು "ಬೋಂಜೂರ್", ಅಂದರೆ ನಮಸ್ಕಾರ, ಆಮೇಲೆ ಉಳಿದದ್ದು. ಸುಮ್ನೆ ಕೈ ಬೀಸಿ ಕರೆಯಬೇಡ.

ಬರುವಾಗ ಸಾರಿನ ಪುಡಿ ತರಲಾ ಅಂತ ಕೇಳಿದ್ದೀಯಲ್ಲ, ಹ್ಞೂಂ, ತಾ. ಎರಡನೇ ಸಲ ಕೇಳುವುದೇನೂ ಬೇಡ.