ಬೀಡಿ ಕಾರ್ಮಿಕರ ಬಗ್ಗೆ ಹಳೆಯ ದತ್ತಾಂಶ ಎಲ್ಲಿ ಸಿಗುತ್ತದೆ? ಅದನ್ನೇ ಬಳಸಿ ಪ್ರಬಂಧ ಬರೆಯಬಹುದೇ?

ಉಡುಪಿಯಲ್ಲಿ ಸಂಶೋಧನೆಗೆ ಸೇರಿದ್ದೀರಿ, ಬೀಡಿ ಕಟ್ಟುವ ಹೆಂಗಸರ ಬಗ್ಗೆ ಬರೆಯಬೇಕು, ಸ್ವಂತ ಸಮೀಕ್ಷೆಗೆ ದುಡ್ಡೂ ಇಲ್ಲ ಸಮಯವೂ ಇಲ್ಲ, ಬೇರೆಯವರು ಸಂಗ್ರಹಿಸಿದ್ದನ್ನು ಬಳಸಬಹುದೇ ಎಂದು ಕೇಳಿದ್ದೀರಿ. ಧಾರಾಳವಾಗಿ ಬಳಸಬಹುದು. ಮಂಗಳೂರಿನಲ್ಲಿ ಕುಳಿತು ನಾನು ಪಿಎಚ್.ಡಿ. ಮುಗಿಸಿದ್ದು ಬಹುಪಾಲು ಅಂಥ ದತ್ತಾಂಶದಿಂದಲೇ. ಹುಡುಕಲು ಒಂದು ವಾರ ಹಿಡಿಯಿತು, ಸಿಕ್ಕಿದ್ದು ಏನೆಂದು ತಿಳಿಯಲು ಒಂದು ವರ್ಷ.

ಗೂಗಲ್‌ನಿಂದ ಆರಂಭಿಸಬೇಡಿ. ನಿಮ್ಮ ವಿಷಯಕ್ಕೆ ಹತ್ತಿರದ ನಾಲ್ಕೈದು ಒಳ್ಳೆಯ ಲೇಖನ ತೆಗೆದು, ಕೋಷ್ಟಕಗಳ ಕೆಳಗಿನ ಸಣ್ಣ ಅಕ್ಷರಗಳನ್ನು ಓದಿ. ಅಲ್ಲಿ ಮತ್ತೆ ಮತ್ತೆ ಕಾಣುವ ಸಮೀಕ್ಷೆಗಳ ಬೆನ್ನು ಹಿಡಿಯಿರಿ. ಭಾರತೀಯ ವಿಶ್ವವಿದ್ಯಾಲಯಗಳ ಪಿಎಚ್.ಡಿ. ಪ್ರಬಂಧಗಳ ಜಾಲತಾಣವಾದ ಶೋಧಗಂಗಾದಲ್ಲಿ ಇರುವುದನ್ನೂ ಕೊನೆಯಿಂದ ನೋಡಿ. ಅನುಬಂಧದಲ್ಲಿ ಪ್ರಶ್ನಾವಳಿ ಇಡಿಯಾಗಿ ಸಿಗುವುದುಂಟು.

ನಿಮಗೆ ಮುಖ್ಯವಾಗಿ ಬೇಕಾದದ್ದು ರಾಷ್ಟ್ರೀಯ ಮಾದರಿ ಸಮೀಕ್ಷೆಯ ಉದ್ಯೋಗದ ಸುತ್ತುಗಳು (2004-05, 2009-10, 2011-12) ಮತ್ತು 2017-18ರಿಂದ ನಡೆಯುತ್ತಿರುವ ನಿಯತಕಾಲಿಕ ಕಾರ್ಮಿಕ ಬಲ ಸಮೀಕ್ಷೆ, ಅಂದರೆ ಪಿಎಲ್‌ಎಫ್‌ಎಸ್. ಇವುಗಳ ಮನೆವಾರು ಕಡತಗಳು ಕೇಂದ್ರ ಸಾಂಖ್ಯಿಕ ಸಚಿವಾಲಯದ ಮೈಕ್ರೋಡೇಟಾ ತಾಣದಲ್ಲಿ ನೋಂದಾಯಿಸಿದವರಿಗೆ ಉಚಿತ. ಅದೇ ಮನೆಗೆ ಏಳೆಂಟು ವರ್ಷದ ನಂತರ ಏನಾಯಿತು ಎಂದು ತಿಳಿಯಬೇಕಿದ್ದರೆ ಭಾರತ ಮಾನವ ಅಭಿವೃದ್ಧಿ ಸಮೀಕ್ಷೆ, ಅಂದರೆ ಐಎಚ್‌ಡಿಎಸ್ ನೋಡಿ. 2004-05ರಲ್ಲಿ ಹೋದ ಮನೆಗಳಲ್ಲಿ ಬಹುಪಾಲಿಗೆ 2011-12ರಲ್ಲಿ ಮತ್ತೆ ಹೋಗಿದ್ದಾರೆ.

ಈಗ ನನ್ನ ಪೆದ್ದುತನದ ಕಥೆ. ಈ ಕಡತಗಳಲ್ಲಿ ಪ್ರತಿ ಉದ್ಯಮಕ್ಕೂ ಒಂದು ಸಂಖ್ಯೆ, ಅಂದರೆ ಸಂಕೇತ, ಇರುತ್ತದೆ. ತಂಬಾಕು ಉತ್ಪನ್ನಗಳ ಕೈಗಾರಿಕಾ ಸಂಕೇತ 16 ಎಂದು 2009-10ರ ಕಡತದಲ್ಲಿ ನೋಡಿಕೊಂಡು, ಅದನ್ನೇ 2011-12ಕ್ಕೂ ಹಾಕಿದೆ. ಎರಡೇ ವರ್ಷದಲ್ಲಿ ಬೀಡಿಯ ಹೆಂಗಸರು ಮಾಯ! ಸರ್ಕಾರದ ತಂಬಾಕು ನಿಯಂತ್ರಣವೇ ಇದಕ್ಕೆ ಕಾರಣವೆಂದು ಇಪ್ಪತ್ತು ಪುಟ ಬರೆದೂ ಆಯಿತು. ಒಂದು ಸಂಜೆ ಲಿಂಗದ ಕಾಲಂ ನೋಡುತ್ತೇನೆ, ನನ್ನ ‘ಬೀಡಿ ಕಾರ್ಮಿಕ’ರಲ್ಲಿ ಹೆಚ್ಚಿನವರು ಗಂಡಸರು. ನಡುವೆ ಸಂಕೇತಗಳ ಪಟ್ಟಿ ಬದಲಾಗಿತ್ತು. 2008ರ ಪಟ್ಟಿಯಲ್ಲಿ ತಂಬಾಕು 12ಕ್ಕೆ ಹೋಗಿ, 16ರಲ್ಲಿ ಮರದ ಉತ್ಪನ್ನಗಳು ಬಂದು ಕುಳಿತಿದ್ದವು. ನಾನು ಎಣಿಸಿದ್ದು ಮರದ ಮಿಲ್ಲಿನವರನ್ನು. ಹೊಸ ಸಂಕೇತವನ್ನು ಹಳೆಯ ಕಡತಕ್ಕೆ ಹಾಕಿದ್ದರೆ ಇನ್ನೂ ಸೊಗಸು, ಅಲ್ಲಿ 12 ಎಂದರೆ ಯುರೇನಿಯಂ ಗಣಿಗಾರಿಕೆ.

ಇದಕ್ಕಿಂತ ಸೂಕ್ಷ್ಮವಾದ ತೊಡಕು ಇನ್ನೊಂದಿದೆ. ತಡ್ಪೆಯನ್ನು (ಮೊರವನ್ನು) ತೊಡೆಯ ಮೇಲಿಟ್ಟು ಎಲೆ ಸುತ್ತುತ್ತಿರುವವರನ್ನೇ ‘ಏನು ಕೆಲಸ’ ಎಂದು ಕೇಳಿ ನೋಡಿ: ‘ಎಂಥ ಕೆಲಸ, ಮನೆಯಲ್ಲೇ ಇರುವುದು’ ಎನ್ನುತ್ತಾರೆ. ಸಮೀಕ್ಷಕ 92 ಎಂದು ಬರೆದರೆ ಅವರು ಗೃಹಕೃತ್ಯದವರು. ಆದರೂ ವರ್ಷದಲ್ಲಿ ಮೂವತ್ತು ದಿನವಾದರೂ ಮಾಡಿದ ದುಡಿಮೆ ಉಪಚಟುವಟಿಕೆಯ (ಮುಖ್ಯವಲ್ಲದ ಕೆಲಸದ) ಕಾಲಂನಲ್ಲಿ ಬರಬೇಕು. ಮುಖ್ಯ ಚಟುವಟಿಕೆಯನ್ನಷ್ಟೇ ಎಣಿಸಿದರೆ ನೀವು ಹುಡುಕುತ್ತಿರುವವರಲ್ಲಿ ಎಷ್ಟೋ ಮಂದಿ ತಪ್ಪಿಹೋಗುತ್ತಾರೆ. ಇನ್ನು ಮನೆಯಲ್ಲಿ ಕಟ್ಟಿ ಬೀಡಿ ಕಂಪನಿಯ ಬ್ರಾಂಚಿಗೆ ಒಪ್ಪಿಸುವವರನ್ನು ಈ ಸಮೀಕ್ಷೆಗಳು ‘ಸ್ವಯಂ ಉದ್ಯೋಗಿ’ ಎನ್ನುತ್ತವೆ. ಎಲೆ, ಹೊಗೆಸೊಪ್ಪು, ಸಾವಿರಕ್ಕಿಷ್ಟೆಂಬ ಮಜೂರಿ ಎಲ್ಲವೂ ಕಂಪನಿಯದು, ಉದ್ಯೋಗ ಮಾತ್ರ ‘ಸ್ವಯಂ’! ಆ ಪದವನ್ನು ಪ್ರಶ್ನಿಸದೆ ನಕಲು ಮಾಡಬೇಡಿ.

ಜಿಲ್ಲೆಯ ಗಡಿಯಲ್ಲೂ ಎಚ್ಚರವಿರಲಿ. 1991ರ ಜನಗಣತಿಯಲ್ಲಿ ಉಡುಪಿ ಜಿಲ್ಲೆಯೇ ಇಲ್ಲ, ಅದು ಹುಟ್ಟಿದ್ದು 1997ರಲ್ಲಿ. ಉಡುಪಿ, ಕುಂದಾಪುರ, ಕಾರ್ಕಳ ತಾಲ್ಲೂಕುಗಳನ್ನು ನೀವೇ ಕೂಡಿಸಿಕೊಳ್ಳಬೇಕು. 1951ಕ್ಕೆ ಹೋದರೆ ಮದರಾಸಿನ ಸಂಪುಟ ತೆರೆಯಬೇಕು, ಕಾಸರಗೋಡೂ ಜೊತೆಗೇ ಇರುತ್ತದೆ. ಉದ್ಯೋಗ ಸಮೀಕ್ಷೆಯ ಹಳೆಯ ಸುತ್ತುಗಳಲ್ಲಿ ಒಂದು ಜಿಲ್ಲೆಯ ಮಾದರಿ ತೀರಾ ಚಿಕ್ಕದು. ಕರಾವಳಿ ವಲಯವನ್ನು ಒಟ್ಟಾಗಿ ತೆಗೆದುಕೊಳ್ಳುವುದೇ ಕ್ಷೇಮ.

ಖಾಸಗಿಯಾಗಿ ಕೇಳಿದರೂ ದತ್ತಾಂಶ ಸಿಗುತ್ತದೆ. ಹಿರಿಯರೊಬ್ಬರು ತಮ್ಮ ಹಳೆಯ ಸಮೀಕ್ಷೆಯ ಕಡತವನ್ನು ಪ್ರೀತಿಯಿಂದ ಕೊಟ್ಟರು. ‘ದಿನಕ್ಕೆ ಎಷ್ಟು ಗಂಟೆ’ ಎಂಬ ಕಾಲಂನಲ್ಲಿ ನಲವತ್ತು ಕಡೆ 9. ಒಂಬತ್ತು ಗಂಟೆಯೋ, ಉತ್ತರವಿಲ್ಲವೋ? ಅವರಿಗೂ ಮರೆತುಹೋಗಿತ್ತು. ಕೊನೆಗೆ ಅಂದು ಮನೆಮನೆ ಸುತ್ತಿದ್ದ ಹುಡುಗನನ್ನು, ಈಗ ದುಬೈಯಲ್ಲಿದ್ದಾರೆ, ಫೋನಿನಲ್ಲಿ ಹಿಡಿದೆ. ‘ಒಂಬತ್ತು ಎಂದರೆ ಮನೆಗೆ ಬೀಗ’ ಎಂದರು. ಅಂಥ ಕಡತ ಸಿಕ್ಕರೆ ಸಂಕೇತಗಳ ವಿವರಪಟ್ಟಿಯನ್ನೂ ಅಂದೇ ಕೇಳಿ ಪಡೆಯಿರಿ. ಬಳಸುವಾಗ ಹೆಸರು ಅಳಿಸಿದರೆ ಸಾಲದು. ‘ಚರ್ಚಿನ ಹಿಂದಿನ ಮನೆಯ, ಮೂವರು ಹೆಣ್ಣುಮಕ್ಕಳ ವಿಧವೆ’ ಎಂದು ಬರೆದರೆ ಆ ರೂಟಿನ ಬಸ್ ಕಂಡಕ್ಟರಿಗೂ ಗುರುತು ಸಿಗುತ್ತದೆ.

ಕಡತ ಇಳಿಸಿಕೊಳ್ಳುವ ಮೊದಲು 2011-12ರ ಸುತ್ತಿನ ಅನುಸೂಚಿ 10ನ್ನು (ಉದ್ಯೋಗದ ಪ್ರಶ್ನಾವಳಿಯನ್ನು) ಮುದ್ರಿಸಿಕೊಂಡು, ಪರಿಚಯದ ಬೀಡಿ ಕಟ್ಟುವವರೊಬ್ಬರ ಜೊತೆ ಕುಳಿತು ತುಂಬಿ ನೋಡಿ. ಬ್ಲಾಕ್ 5.1ರಲ್ಲಿ ‘ಮುಖ್ಯ ಚಟುವಟಿಕೆ’ ಬರುತ್ತದೆ. ಅದನ್ನು ತುಳುವಿನಲ್ಲಿ ಕೇಳಲು ನಾನು ಮೂರು ಸಲ ತಡವರಿಸಿದ್ದೆ, ಆ ಅಜ್ಜಿ ಅಷ್ಟರಲ್ಲಿ ಒಂದು ಕಟ್ಟು ಮುಗಿಸಿದ್ದರು.