ಓದುಗರ ಪ್ರಶ್ನೆ: ಆ ವಾಟ್ಸಾಪ್ ಮೆಸೇಜಿನ ಉಳಿದ ಅರ್ಧ

ಪ್ರಶ್ನೆ: ಮಗಳಿಗೆ ಒಂಬತ್ತು ತಿಂಗಳು ತುಂಬಿತು. ದಡಾರದ ಚುಚ್ಚುಮದ್ದಿಗೆ ಬನ್ನಿ ಅಂತ ಆಶಾ ಅಕ್ಕ ಎರಡು ಸಲ ಮನೆಗೆ ಬಂದು ಹೋದರು. ಅಷ್ಟರಲ್ಲಿ ಫ್ಯಾಮಿಲಿ ಗ್ರೂಪಿಗೆ ಒಂದು ಮೆಸೇಜ್ ಬಂತು. ಯಾವುದೋ ದೇಶದಲ್ಲಿ ಇದೇ ಚುಚ್ಚುಮದ್ದು ಕೊಟ್ಟು ಎರಡು ಮಕ್ಕಳು ಸತ್ತವಂತೆ. ಅತ್ತೆ ಬೇರೆ, 'ನಮ್ಮ ಕಾಲದಲ್ಲಿ ಗೊಬ್ಬರ (ದಡಾರ) ಎಲ್ಲರಿಗೂ ಬರ್ತಿತ್ತು, ಬೇವಿನ ಸೊಪ್ಪು ಹಾಕಿ ಮಲಗಿಸಿದ್ರೆ ಹೋಗ್ತಿತ್ತು' ಅಂತಾರೆ. ಏನು ಮಾಡಲಿ?
(ಹಾವೇರಿ ಕಡೆಯ ಓದುಗರು)

ಉತ್ತರ: ಮೆಸೇಜ್ ಸುಳ್ಳಲ್ಲ. ಅದು ನಡೆದಿದ್ದು ಸಮೋವಾ ಅನ್ನೋ ಪುಟ್ಟ ದ್ವೀಪ ದೇಶದಲ್ಲಿ, 2018ರ ಜುಲೈನಲ್ಲಿ. ಆದರೆ ಮೆಸೇಜ್ ಕಳಿಸಿದವರು ಅರ್ಧಕ್ಕೇ ನಿಲ್ಲಿಸಿಬಿಟ್ಟಿದ್ದಾರೆ.

ಈ ಲಸಿಕೆ ಪುಡಿಯಾಗಿ ಬರುತ್ತೆ. ಅದರ ಜೊತೆ ಬರುವ ನೀರಿನಲ್ಲೇ ಕಲಸಿ ಕೊಡಬೇಕು. ಅವತ್ತು ನರ್ಸ್‌ಗಳು ನೀರಿನ ಬದಲು, ಆಪರೇಷನ್ ಹೊತ್ತಲ್ಲಿ ಸ್ನಾಯು ಸಡಿಲ ಮಾಡಲು ಕೊಡುವ ಔಷಧಿಯಲ್ಲಿ ಕಲಸಿಬಿಟ್ಟರು. ಮಕ್ಕಳ ಜೀವ ತೆಗೆದದ್ದು ಆ ಔಷಧಿ, ಲಸಿಕೆ ಅಲ್ಲ. ಇಬ್ಬರು ನರ್ಸ್‌ಗಳಿಗೆ ಜೈಲೂ ಆಯಿತು. ಆದರೆ ಸರ್ಕಾರ ಹೆದರಿ ತಿಂಗಳುಗಟ್ಟಲೆ ಈ ಲಸಿಕೆಯನ್ನೇ ನಿಲ್ಲಿಸಿತು, ಜನರೂ ಹೆದರಿದರು, ಆ ವರ್ಷ ಲಸಿಕೆ ಸಿಕ್ಕಿದ್ದು ಹೆಚ್ಚು ಕಡಿಮೆ ಮೂರರಲ್ಲಿ ಒಂದು ಮಗುವಿಗಷ್ಟೇ.

ಮರುವರ್ಷ ದಡಾರ ಬಂತು. ಸುಮಾರು ಎರಡು ಲಕ್ಷ ಜನರ ದೇಶ ಅದು, ನಮ್ಮ ಒಂದು ತಾಲ್ಲೂಕಿನಷ್ಟು ಅನ್ನಿ. ಅಲ್ಲಿ 5,700ಕ್ಕೂ ಹೆಚ್ಚು ಜನ ಮಲಗಿದರು, 83 ಮಂದಿ ಸತ್ತರು, ಅದರಲ್ಲಿ ಹೆಚ್ಚಿನವರು ಐದು ವರ್ಷದೊಳಗಿನ ಮಕ್ಕಳು. ಕೊನೆಗೆ 2019ರ ಡಿಸೆಂಬರ್ 5 ಮತ್ತು 6ರಂದು ಇಡೀ ದೇಶವನ್ನೇ ಬಂದ್ ಮಾಡಿ ಮನೆಮನೆಗೆ ಹೋಗಿ ಲಸಿಕೆ ಹಾಕಿದರು. ಲಸಿಕೆ ಆಗದವರು ಇರುವ ಮನೆಯ ಮುಂದೆ ಕೆಂಪು ಬಟ್ಟೆ ಕಟ್ಟಿ ಅಂತ ಹೇಳಿದ್ದರು. ಬೀದಿ ಬೀದಿಯಲ್ಲಿ ಕೆಂಪು ಬಟ್ಟೆ. ಎರಡು ಮಕ್ಕಳ ಸುದ್ದಿ ಇವತ್ತಿಗೂ ಫಾರ್ವರ್ಡ್ ಆಗುತ್ತೆ, 83 ಜನರದ್ದು ಆಗಲ್ಲ, ನೋಡಿ.

ಇನ್ನು ಅತ್ತೆಯವರ ಮಾತು. ಅವರು ಹೇಳಿದ್ದು ನಿಜ, ಆಗ ಎಲ್ಲರಿಗೂ ಬರ್ತಿತ್ತು. ದಡಾರದ ವೈರಸ್ ಗಾಳಿಯಲ್ಲೇ ಎರಡು ಗಂಟೆವರೆಗೂ ಉಳಿಯಬಹುದು, ಕಾಯಿಲೆಯವರು ಎದ್ದು ಹೋದ ರೂಮಿಗೆ ಆಮೇಲೆ ಹೋದರೂ ಸಾಕು. ಆದರೆ ಎಲ್ಲರಿಗೂ ಹೋಗ್ತಿರಲಿಲ್ಲ. ಅವರ ಜೊತೆ ಹುಟ್ಟಿದವರು ಎಷ್ಟು ಜನ, ಉಳಿದವರು ಎಷ್ಟು ಜನ ಅಂತ ಒಮ್ಮೆ ಮೆಲ್ಲಗೆ ಕೇಳಿ ನೋಡಿ. ಗುಳ್ಳೆಯಿಂದ ಮಕ್ಕಳು ಸಾಯಲ್ಲ, ಆಮೇಲೆ ಬರುವ ನ್ಯುಮೋನಿಯಾ, ಭೇದಿ, ಮಿದುಳಿನ ಬಾವಿನಿಂದ ಸಾಯುತ್ತಾರೆ. ಕೆಲವರ ಕಣ್ಣೂ ಹೋಗುತ್ತೆ. ಬೇವಿನ ಸೊಪ್ಪು ಬೇಕಿದ್ದರೆ ಇರಲಿ, ಅದಕ್ಕೆ ನನ್ನ ತಕರಾರಿಲ್ಲ. ಅದು ನ್ಯುಮೋನಿಯಾ ತಡೆಯಲ್ಲ, ಅಷ್ಟೇ.

ನಿಮ್ಮ ಭಯಕ್ಕೆ ಒಂದು ದಾರಿ ಇದೆ. ಸುಮ್ನೆ ಕೂರಬೇಡಿ, ಸಿಸ್ಟರ್‌ನ ಕೇಳಿ: 'ಬಾಟಲಿ ಯಾವಾಗ ಕಲಸಿದ್ದು?' ಅದರ ಮೇಲೆ ಹೊತ್ತು ಬರೆದಿರಬೇಕು, ನಾಲ್ಕು ಗಂಟೆ ದಾಟಿದ್ದರೆ ಬಳಸುವಂತಿಲ್ಲ. ಕೇಳಿದರೆ ಯಾರೂ ಬೇಜಾರು ಮಾಡಿಕೊಳ್ಳಲ್ಲ, ಮಾಡಿಕೊಂಡರೂ ಕೇಳಿ. ಚುಚ್ಚಿಸಿದ ಮೇಲೆ ಅರ್ಧ ಗಂಟೆ ಅಲ್ಲೇ ಇರಿ. ಒಂದೂವರೆ ವರ್ಷದ ಹೊತ್ತಿಗೆ ಎರಡನೇ ಡೋಸ್ ಇದೆ, ಅದನ್ನೂ ಮರೀಬೇಡಿ. ಒಂಬತ್ತು ತಿಂಗಳಿಗೆ ಕೊಟ್ಟಿದ್ದು ನೂರರಲ್ಲಿ ಸುಮಾರು 15 ಮಕ್ಕಳಿಗೆ ಹಿಡಿಯೋದೇ ಇಲ್ಲ, ಎರಡನೆಯದು ಇರೋದೇ ಅವರಿಗಾಗಿ.

ಪ್ರಶ್ನೆ: ಆರನೇ ವಾರದ ಪೆಂಟಾ (ಐದು ಕಾಯಿಲೆಗೆ ಒಂದೇ ಚುಚ್ಚುಮದ್ದು) ಹಾಕಿಸಿದ ರಾತ್ರಿ ಮಗನಿಗೆ ಜ್ವರ, ತೊಡೆ ಊತ, ನಿದ್ದೆಯೇ ಇಲ್ಲ. ಆಮೇಲೆ ತವರಿಗೆ ಹೋಗಿ ಹತ್ತನೇ ವಾರದ್ದು ತಪ್ಪಿತು. ಈಗ ಮೊದಲಿಂದ ಶುರು ಮಾಡಬೇಕಾ? ಬಿಟ್ಟರೂ ನಡೆಯುತ್ತಾ?

ಉತ್ತರ: ಮೊದಲಿಂದ ಬೇಡ, ನಿಂತಲ್ಲಿಂದ ಮುಂದುವರಿಸಿ. ಬಿಡೋದಂತೂ ಬೇಡ. ಜ್ವರ ಹೆಚ್ಚಾಗಿ ಅದರಲ್ಲಿರುವ ನಾಯಿಕೆಮ್ಮಿನ ಭಾಗದಿಂದ ಬರೋದು, ಒಂದೆರಡು ದಿನದಲ್ಲಿ ಇಳಿಯುತ್ತೆ. ಪ್ಯಾರಸಿಟಮಾಲ್ ಎಷ್ಟು ಅಂತ ಮಗುವಿನ ತೂಕ ನೋಡಿ ಹೇಳಬೇಕು, ಕೇಳಿಟ್ಟುಕೊಳ್ಳಿ. ಊದಿದ ಜಾಗ ತಿಕ್ಕಬೇಡಿ. ಫಿಟ್ಸ್ ಬಂದಿದ್ದರೆ, ಅಥವಾ ಮೂರು ಗಂಟೆಗೂ ಜಾಸ್ತಿ ಬಿಡದೆ ಚೀರಿ ಅತ್ತಿದ್ದರೆ, ಮುಂದಿನ ಡೋಸ್‌ಗೆ ಮುಂಚೆ ಡಾಕ್ಟರ್‌ಗೆ ಹೇಳಲೇಬೇಕು. ನಿಮ್ಮ ಪತ್ರದಲ್ಲಿ ಅದೇನೂ ಇಲ್ಲ. ನಾಯಿಕೆಮ್ಮು ಎಳೆಗೂಸಿಗೆ ಬಂದರೆ ಕೆಮ್ಮೋದಕ್ಕೂ ಶಕ್ತಿ ಇರಲ್ಲ, ಉಸಿರೇ ನಿಂತು ನೀಲಿಯಾಗುತ್ತೆ. ಹಾಗಾಗಿಯೇ ಇಷ್ಟು ಬೇಗ, ಆರನೇ ವಾರಕ್ಕೇ ಶುರು ಮಾಡೋದು.

ಪ್ರಶ್ನೆ: ಹುಟ್ಟಿದಾಗ ಬಿಸಿಜಿ (ಕ್ಷಯದ ಲಸಿಕೆ) ಹಾಕಿಸಿದ್ದೆವು, ಎಡತೋಳಿನಲ್ಲಿ ಕಲೆಯೇ ಬಿದ್ದಿಲ್ಲ. ಇನ್ನೊಮ್ಮೆ ಹಾಕಿಸಲಾ?

ಉತ್ತರ: ಬೇಡ. ಕಲೆ ಬೀಳದ ಮಕ್ಕಳೂ ಇರುತ್ತಾರೆ. ತಾಯಿ ಕಾರ್ಡಿನಲ್ಲಿ ಬರೆದಿದೆ ಅಲ್ವಾ, ಸಾಕು. ಆ ಕಾರ್ಡ್ ಮಾತ್ರ ಕಳೆಯಬೇಡಿ.